ಬೆಲ್ ಏರೋ, ಥಂಡರ್‌ಬರ್ಡೋ?

ಅಮೆರಿಕದ ಹಳೇ ಕಾರು ಒಂದನ್ನೇ ಇಟ್ಟುಕೊಳ್ಳಲು ಜಾಗ ಇದೆ, 1957ರ ಷೆವರ್ಲೆ ಬೆಲ್ ಏರ್ ತಗೊಳ್ಳಲೋ, ಅದೇ ವರ್ಷದ ಫೋರ್ಡ್ ಥಂಡರ್‌ಬರ್ಡ್ ತಗೊಳ್ಳಲೋ ಎಂದು ಕೇಳಿದ್ದೀರಿ. ಎರಡೂ ನನಗೆ ಪ್ರಾಣ.

ಮೊದಲು ಸೀಟು. ಬೆಲ್ ಏರ್‌ನಲ್ಲಿ ಹಿಂದೆ ಮುಂದೆ ಉದ್ದನೆಯ ಸೀಟು, ಆರು ಜನ ಕೂರಬಹುದು. ಥಂಡರ್‌ಬರ್ಡ್‌ನಲ್ಲಿ ಇಬ್ಬರಿಗೇ ಜಾಗ. ಮಕ್ಕಳಿದ್ದರೆ ಇಲ್ಲಿಗೇ ತೀರ್ಮಾನ ಆಯಿತು, ಅಲ್ವಾ?

ರಿಪೇರಿ ವಿಷಯಕ್ಕೆ ಬಂದರೆ ಬೆಲ್ ಏರ್ ತುಂಬಾ ಸುಲಭ. 1955ರಿಂದ 57ರವರೆಗಿನ ಷೆವರ್ಲೆಗಳಿಗೆ ಬಿಡಿಭಾಗಗಳನ್ನು ಈಗಲೂ ಹೊಸದಾಗಿ ಮಾಡುತ್ತಾರೆ. ಇಡೀ ಬಾಡಿಯೇ ಸಿಗುತ್ತದೆ! ಅದರ 283 ಘನ ಇಂಚಿನ ವಿ8 (ಎಂಟು ಸಿಲಿಂಡರ್) ಎಂಜಿನ್ ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್‌ಗಳು ಅಮೆರಿಕದಲ್ಲಿ ಬೇಕಾದಷ್ಟು ಜನ. ಥಂಡರ್‌ಬರ್ಡ್‌ನ 312 ವಿ8ಗೆ ಅದನ್ನೇ ಬಲ್ಲವರನ್ನು ಹುಡುಕಬೇಕು. ಮೇಲಿನ ರಾಕರ್‌ಗಳಿಗೆ, ಅಂದರೆ ವಾಲ್ವ್‌ಗಳನ್ನು ಒತ್ತಿ ತೆರೆಯುವ ತೋಳುಗಳಿಗೆ, ಆಯಿಲ್ ಸರಿಯಾಗಿ ಏರದಿರುವುದು ಆ ಎಂಜಿನ್ನಿನ ಹಳೇ ಕಾಯಿಲೆ. ಕೊಳ್ಳುವ ಮೊದಲು ಎಂಜಿನ್ನಿನ ಮೇಲಿನ ಮುಚ್ಚಳ ತೆಗೆಸಿ ನೋಡಿ.

ಖರ್ಚು ಕಡಿಮೆ ಇರಲಿ ಅಂದರೆ ನಾಲ್ಕು ಬಾಗಿಲಿನ ಬೆಲ್ ಏರ್ ನೋಡಿ. ಎರಡು ಬಾಗಿಲಿನದಕ್ಕೆ ಬೆಲೆ ಜಾಸ್ತಿ. ಹಿಂಬದಿ ಎಡಗಡೆ ರೆಕ್ಕೆಯ ಕ್ರೋಮ್ ಪಟ್ಟಿ ತೆರೆದರೆ ಪೆಟ್ರೋಲ್ ಮುಚ್ಚಳ ಸಿಗುವ ಆ ಚಂದ ಎರಡರಲ್ಲೂ ಒಂದೇ.

ಇಬ್ಬರೇ ಸಂಜೆ ಸುತ್ತಾಡಲು, ಮೇಲ್ಛಾವಣಿ ತೆಗೆದು ಗಾಳಿ ಕುಡಿಯಲು ಥಂಡರ್‌ಬರ್ಡೇ ಸರಿ. ಅದರ ಗಟ್ಟಿ ಟಾಪ್‌ನಲ್ಲಿ ದುಂಡನೆಯ ಪುಟ್ಟ ಕಿಟಕಿ ಇರುವುದು ಸಿಕ್ಕರೆ ಬಿಡಬೇಡಿ. ಆ ವರ್ಷ ಮಾಡಿದ್ದೇ 21,380 ಕಾರು.

ಯಾವುದೇ ತಗೊಳ್ಳಿ, ಬ್ರೇಕ್ ಮಾತ್ರ ಮೊದಲು ಬದಲಿಸಿ. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ಲನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರ್‌ನಲ್ಲಿ ಆಗ ಒಂದೇ ಲೈನು, ಎಲ್ಲೋ ಒಂದು ಕಡೆ ಸೋರಿದರೆ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತದೆ.