ಜಾಯಿಕಾಯಿ: ಬೀಜದ ಗಿಡವೋ, ಕಸಿ ಗಿಡವೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ನೇರ ಚಿಗುರಿನ ಕಸಿ ಗಿಡಕ್ಕೆ, ಅಂದರೆ ಮರದಲ್ಲಿ ನೆಟ್ಟಗೆ ಮೇಲಕ್ಕೆ ಏಳುವ ಚಿಗುರಿನ ಕಡ್ಡಿಯನ್ನು ಇನ್ನೊಂದು ಗಿಡಕ್ಕೆ ಕಟ್ಟಿದ್ದಕ್ಕೆ. ನಮ್ಮ ಅಡಿಕೆ ತೋಟದಲ್ಲಿ ಮೂರು ಬಗೆಯೂ ಇವೆ: ಅಪ್ಪ ನೆಟ್ಟ ಬೀಜದ ಗಿಡಗಳು, ನಾನು ತಂದ ಅಡ್ಡ ರೆಂಬೆಯ (ಪಕ್ಕಕ್ಕೆ ಚಾಚಿದ ರೆಂಬೆಯ ಕಡ್ಡಿ ಕಟ್ಟಿದ) ಕಸಿ, ಆಮೇಲೆ ತಂದ ನೇರ ಚಿಗುರಿನ ಕಸಿ. ನೀರು, ಗೊಬ್ಬರ, ನೆರಳಿನ ವಿಷಯ ತೋಟ ಇದ್ದವರಿಗೆ ಗೊತ್ತಿರುವುದೇ.

ಬೀಜದ ಗಿಡ ಅಗ್ಗ, ಗಟ್ಟಿ. ತಲೆನೋವು ಒಂದೇ, ಗಂಡೋ ಹೆಣ್ಣೋ ಎನ್ನುವುದು. ಜಾಯಿಕಾಯಿಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದಿಂದ ಎಬ್ಬಿಸಿದರೆ ಹೆಚ್ಚುಕಡಿಮೆ ಅರ್ಧಕ್ಕರ್ಧ ಗಂಡು. ಹೂ ಬಿಡದೆ ಗೊತ್ತಾಗುವುದಿಲ್ಲ, ಹೂ ಬಿಡಲು 5ರಿಂದ 8 ವರ್ಷ ಬೇಕು. ಅಷ್ಟರವರೆಗೆ ಎಲ್ಲಕ್ಕೂ ಒಂದೇ ಉಪಚಾರ. ಚೀನಾದ ಗಿಂಕ್ಗೊ ಮರದಲ್ಲೂ ಇದೇ ತಂಟೆ. ಅಲ್ಲಿ ಉದುರಿದ ಬೀಜದ ಕೆಟ್ಟ ವಾಸನೆಗೆ ಹೆದರಿ ರಸ್ತೆ ಬದಿಗೆ ಗಂಡನ್ನೇ ಹುಡುಕುತ್ತಾರೆ, ನಮ್ಮದು ಉಲ್ಟಾ.

ಎಲೆ ಅಗಲವಿದ್ದರೆ ಹೆಣ್ಣು, ಬೀಜ ಉರುಟಿದ್ದರೆ ಹೆಣ್ಣು ಎಂದು ಹೇಳುವವರು ಊರಿಗೊಬ್ಬರು ಇದ್ದಾರೆ. "ಇದು ಹೆಣ್ಣೇ, ಎಲೆ ನೋಡಿ ಬೇಕಾದ್ರೆ" ಎಂದು ಒಂದು ನರ್ಸರಿಯವರು ಅಪ್ಪನಿಗೆ ಕೊಟ್ಟ ಗಿಡವೂ ನಮ್ಮಲ್ಲಿದೆ. ಇಡೀ ತೋಟದಲ್ಲಿ ಅದರಷ್ಟು ಅಗಲದ ಎಲೆ ಇನ್ನೊಂದಕ್ಕಿಲ್ಲ. ಅದು ಗಂಡು.

ಹೂ ಬಂದ ಮೇಲೂ ದೂರದಿಂದ ನೋಡಿ ತೀರ್ಮಾನ ಮಾಡಬೇಡಿ. ಎರಡೂ ಹೂ ತಿಳಿ ಹಳದಿ, ಮೇಣದ ಹಾಗೆ ದಪ್ಪ, ಚಿಕ್ಕ ಗಂಟೆಯ ಆಕಾರ, ಒಳ್ಳೆಯ ಪರಿಮಳ. ಗಂಡು ಹೂ ಸ್ವಲ್ಪ ಸಪೂರ, ಗೊಂಚಲಿನಲ್ಲಿ ಜಾಸ್ತಿ ಇರುತ್ತದೆ. ಹೆಣ್ಣು ಹೂ ಬುಡದಲ್ಲಿ ತುಸು ಉಬ್ಬಿರುತ್ತದೆ, ಒಂಟಿಯಾಗಿಯೋ ಎರಡು ಮೂರೋ ಇರುತ್ತದೆ. ಅನುಮಾನ ಬಂದರೆ ಬ್ಲೇಡಿನಿಂದ ಹೂವನ್ನು ಉದ್ದಕ್ಕೆ ಸೀಳಿ. ಒಳಗೆ ಸಪೂರ ಕಂಬದಂಥದ್ದು ಇದ್ದರೆ ಗಂಡು, ಅದಕ್ಕೇ ಪರಾಗದ ಚೀಲಗಳು ಅಂಟಿಕೊಂಡಿರುತ್ತವೆ. ಪುಟಾಣಿ ಹಸಿರು ಕಾಯಿ ಕೂತಿದ್ದರೆ ಹೆಣ್ಣು.

ಇಷ್ಟು ಯಾಕೆ ಹೇಳಿದೆ ಅಂದರೆ, ಎಳೆಯ ಹೆಣ್ಣು ಮರ ಮೊದಮೊದಲು ಹೂ ಬಿಟ್ಟು ಕಾಯಿ ಕಚ್ಚದೆ ಉದುರಿಸುವುದುಂಟು. ಕಾಯಿ ಇಲ್ಲ ಎಂದು ಅದನ್ನು ಗಂಡು ಅಂದುಕೊಂಡು ಕಡಿದುಬಿಡುತ್ತಾರೆ. ಕೆಲವು ಗಂಡು ಮರ ಮೋಸ ಮಾಡುವ ಹಾಗೆ ಅಲ್ಲೊಂದು ಇಲ್ಲೊಂದು ಕಾಯಿಯನ್ನೂ ಬಿಡುತ್ತದೆ.

ಗಂಡು ಎಂದು ಖಾತ್ರಿಯಾದರೂ ಎಲ್ಲವನ್ನೂ ಕಡಿಯುವ ಹಾಗಿಲ್ಲ, ಹತ್ತು ಹೆಣ್ಣಿಗೆ ಒಂದು ಗಂಡು ಬೇಕು. ಪರಾಗ ಹೊತ್ತು ತಿರುಗುವುದು ಸಣ್ಣ ಸಣ್ಣ ದುಂಬಿಗಳು, ಅವು ಬಹಳ ದೂರ ಹೋಗುವುದಿಲ್ಲ. ಉಳಿದ ಗಂಡುಗಳನ್ನು ಮೇಲಿಂದ ಕತ್ತರಿಸಿ, ಬಂದ ಹೊಸ ಚಿಗುರಿಗೆ ಹೆಣ್ಣು ಮರದ ಕಡ್ಡಿ ಕಸಿ ಕಟ್ಟಬಹುದು. ನಮ್ಮಲ್ಲಿ ಕೆಲವು ಹಿಡಿದವು, ಕೆಲವು ಒಣಗಿದವು. ಕಸಿ ಕಟ್ಟುವವರ ಕೂಲಿ ಕೊಟ್ಟಾಗ ಬೀಜದ ಗಿಡದ ಅಗ್ಗ ಎಲ್ಲ ಅಲ್ಲಿಗೇ ಹೋಯಿತು.

ಕಸಿ ಗಿಡಕ್ಕೆ ಈ ರಗಳೆ ಇಲ್ಲ. ಹೆಣ್ಣು ಮರದ ಕಡ್ಡಿ ಕಟ್ಟಿದ್ದರೆ ಹೆಣ್ಣೇ. 3-4 ವರ್ಷಕ್ಕೆ ಹೂ ಕಾಣುತ್ತದೆ. ಕಾಯಿಯ ಗಾತ್ರ, ಜಾಯಿಪತ್ರೆಯ ದಪ್ಪ ಎಲ್ಲ ತಾಯಿ ಮರದ್ದೇ. ಕಲ್ಲಿಕೋಟೆಯ ಸಾಂಬಾರ ಬೆಳೆ ಸಂಶೋಧನಾ ಸಂಸ್ಥೆಯ 'ವಿಶ್ವಶ್ರೀ' ತಳಿಯೂ ಕಸಿಯಲ್ಲೇ ಸಿಗುತ್ತದೆ.

ಆದರೆ ಅಡ್ಡ ರೆಂಬೆಯ ಕಡ್ಡಿ ಕಟ್ಟಿದ ಗಿಡ ಜೀವಮಾನವಿಡೀ ಅಡ್ಡಕ್ಕೇ ಹರಡುತ್ತದೆ. ಅಡಿಕೆ ಸಾಲಿನ ಮಧ್ಯೆ ಓಡಾಡಲು ಜಾಗ ಬಿಡುವುದಿಲ್ಲ. ಗೂಟ ಕೊಟ್ಟರೂ ವಾಲುತ್ತದೆ, ಮೇಲಿಂದ ಸೋಗೆ ಬಿದ್ದರೆ ರೆಂಬೆ ಸೀಳುತ್ತದೆ. ಬಯಲಲ್ಲಿ ಜಾಗ ಇದ್ದವರಿಗೆ ಇದೇ ಒಳ್ಳೆಯದು. ಕಾಯಿ ಕೈಗೆ ಸಿಗುತ್ತದೆ, ಮಳೆಯಲ್ಲಿ ಏಣಿ ಹೊರಬೇಕಾಗಿಲ್ಲ.

ನೇರ ಚಿಗುರಿನದ್ದು ಬೀಜದ ಗಿಡದ ಹಾಗೇ ನೆಟ್ಟಗೆ ಏಳುತ್ತದೆ, ಸುತ್ತ ರೆಂಬೆ ಬಿಡುತ್ತದೆ. ಅಡಿಕೆ ತೋಟಕ್ಕೆ ಹೇಳಿ ಮಾಡಿಸಿದ್ದು. ರೇಟು ಜಾಸ್ತಿ, ಯಾಕೆಂದರೆ ಒಂದು ಮರದಲ್ಲಿ ಅಂಥ ಚಿಗುರು ಸಿಗುವುದೇ ಕಡಿಮೆ. ಕೊಳ್ಳುವಾಗ ಕಸಿಯ ಮೇಲಿನ ಎಲೆ ನೋಡಿ. ಕಡ್ಡಿಯ ಎರಡೇ ಪಕ್ಕಕ್ಕೆ ಸಾಲಾಗಿ ಚಪ್ಪಟೆ ಕೂತಿದ್ದರೆ ಅಡ್ಡ ರೆಂಬೆ, ಸುತ್ತಲೂ ಬಂದಿದ್ದರೆ ನೇರ ಚಿಗುರು.

ನಮ್ಮದು ಸಣ್ಣ ತೋಟ, ಕೆಲಸಕ್ಕೆ ಮನೆಯವರೇ. ಹತ್ತಿಪ್ಪತ್ತು ಗಿಡ ಸಾಕು ಅನ್ನುವ ನನ್ನಂಥವರು ದುಡ್ಡು ಸ್ವಲ್ಪ ಜಾಸ್ತಿಯಾದರೂ ಇದನ್ನೇ ತನ್ನಿ. ಎಕರೆಗಟ್ಟಲೆ ಹಾಕುವವರ ಲೆಕ್ಕ ಬೇರೆ. ಪಕ್ಕದ ತೋಟದಲ್ಲಿ ಗಂಡು ಮರ ಇಲ್ಲದಿದ್ದರೆ ಒಂದೆರಡು ಗಂಡು ಕಸಿಯನ್ನೂ ಕೇಳಿ ತನ್ನಿ, ನರ್ಸರಿಯವರು ತಾವಾಗಿ ಕೊಡುವುದಿಲ್ಲ.