ಮೊಣಗಂಟಿಗೆ ಲೇಸರ್ ಹಿಡಿಸಿದೆವು, ನೋವು ಇದ್ದದ್ದು ಸೊಂಟದ ಕೀಲಿನಲ್ಲಿ

ನನ್ನ ಅಮ್ಮನಿಗೆ ಈಗ 66 ವರ್ಷ. ಉಡುಪಿಯ ಸಮೀಪದ ನಮ್ಮ ಊರಿನಲ್ಲಿ ಸುಮಾರು 30 ವರ್ಷ ನೆಲದ ಮೇಲೆ ಕುಳಿತು, ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟಿದವರು ಅವರು. ಕಳೆದ ಮಳೆಗಾಲದಲ್ಲಿ ಅವರ ಬಲ ಮೊಣಗಂಟು ನೋಯತೊಡಗಿದಾಗ, ಅದು ಗಂಟಿನ ಸವೆತವೇ ಇರಬೇಕೆಂದು ನಾವೇ ತೀರ್ಮಾನಿಸಿ, ಪರಿಚಯದವರೊಬ್ಬರ ಮಾತು ಕೇಳಿ ಮಂಗಳೂರಿನ ಒಂದು ಲೇಸರ್ ಚಿಕಿತ್ಸಾ ಕೇಂದ್ರಕ್ಕೆ ಕರೆದೊಯ್ದೆವು. ಅಲ್ಲಿ ಅಮ್ಮನನ್ನು ನಡೆಸಿ ನೋಡಲಿಲ್ಲ, ಕಾಲನ್ನು ಮಡಚಿಸಿ ನೋಡಲಿಲ್ಲ, ಎಕ್ಸ್‌ರೇ ಕೇಳಲಿಲ್ಲ. ನೋವು ಎಲ್ಲಿದೆಯೆಂದು ಕೇಳಿ, ಅಮ್ಮ ಮೊಣಗಂಟನ್ನು ಮುಟ್ಟಿ ತೋರಿಸಿದ ಕೂಡಲೇ 20 ಸಲದ ಚಿಕಿತ್ಸೆಗೆ 12,000 ರೂಪಾಯಿ ಮುಂಗಡ ಕಟ್ಟಿಸಿಕೊಂಡರು. ಬಿಲ್ಲಿನ ಬದಲು ಕೈಬರಹದ ಒಂದು ಚೀಟಿ ಸಿಕ್ಕಿತು.

ಲೇಸರ್ ಚಿಕಿತ್ಸೆಯೇ ಮೋಸವೆಂದು ನಾನು ಹೇಳುತ್ತಿಲ್ಲ. 1967ರ ಹೊತ್ತಿಗೆ ಹಂಗೇರಿಯ ವೈದ್ಯ ಎಂಡ್ರೆ ಮೆಸ್ಟರ್ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಬೆಳೆದು ಬಂದ ವಿಧಾನವಿದು. ಕೆಂಪು ಮತ್ತು ಅವಕೆಂಪು (ಇನ್‌ಫ್ರಾರೆಡ್) ಬೆಳಕನ್ನು ಜೀವಕೋಶದೊಳಗೆ ಶಕ್ತಿ ಉತ್ಪಾದಿಸುವ ಭಾಗವಾದ ಮೈಟೊಕಾಂಡ್ರಿಯ ಹೀರಿಕೊಂಡು, ಕೋಶದ ಶಕ್ತಿ ಉತ್ಪಾದನೆ ಹೆಚ್ಚಿ, ಉರಿಯೂತ ಇಳಿಯುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆ. ಕ್ಯಾನ್ಸರ್ ಚಿಕಿತ್ಸೆಯಿಂದಾಗುವ ಬಾಯಿಹುಣ್ಣನ್ನು ತಡೆಯಲು ತಜ್ಞರ ಮಾರ್ಗಸೂಚಿಗಳೇ ಇದನ್ನು ಶಿಫಾರಸು ಮಾಡುತ್ತವೆ. ಆದರೆ ಔಷಧಿಗೆ ಪ್ರಮಾಣ ಇರುವಂತೆ ಈ ಬೆಳಕಿಗೂ ಪ್ರಮಾಣವಿದೆ. 100 ಮಿಲಿವ್ಯಾಟ್ ಶಕ್ತಿಯ ಯಂತ್ರವನ್ನು 60 ಸೆಕೆಂಡು ಹಿಡಿದರೆ ಸಿಗುವ ಬೆಳಕು 6 ಜೂಲ್ (ಜೂಲ್ ಎಂದರೆ ಶಕ್ತಿಯ ಅಳತೆ). ಪ್ರಮಾಣ ಕಡಿಮೆಯಾದರೆ ಪರಿಣಾಮವಿಲ್ಲ, ಮಿತಿ ಮೀರಿದರೆ ಇದ್ದ ಪರಿಣಾಮವೂ ಕುಗ್ಗುತ್ತದೆ. ಒಂದು ಬಿಂದುವಿಗೆ ಎಷ್ಟು ಜೂಲ್ ಕೊಡುತ್ತೀರಿ ಎಂದು ನಾನು ಕೇಳಿದಾಗ ಅಲ್ಲಿದ್ದ ಹುಡುಗ "ಹತ್ತು ನಿಮಿಷ ಕೊಡುತ್ತೇವೆ ಸರ್" ಎಂದ. ಆ ಉತ್ತರ ಕೇಳಿದ ದಿನವೇ ನಾನು ಅಮ್ಮನನ್ನು ಎಬ್ಬಿಸಿಕೊಂಡು ಬರಬೇಕಿತ್ತು.

ಅಮ್ಮ ಮನೆಯಲ್ಲಿ ತೈಲ ಹಚ್ಚಿಕೊಂಡು ಬಂದಿದ್ದರೂ ಚರ್ಮವನ್ನು ಒರೆಸುತ್ತಿರಲಿಲ್ಲ. ಕೆಲವು ದಿನ ಸೀರೆಯನ್ನು ಸರಿಸದೆ ಬಟ್ಟೆಯ ಮೇಲಿನಿಂದಲೇ ಯಂತ್ರ ಹಿಡಿದದ್ದೂ ಉಂಟು. ಚರ್ಮಕ್ಕೆ ನೇರವಾಗಿ ತಾಗಿಸಿ ಹಿಡಿಯಬೇಕಾದ ಬೆಳಕನ್ನು ಬಟ್ಟೆಯ ಮೇಲಿನಿಂದ ಹಿಡಿದರೆ ಅದರ ಸಾಕಷ್ಟು ಭಾಗ ಬಟ್ಟೆಯಲ್ಲೇ ಉಳಿಯುತ್ತದೆ. ಇದಕ್ಕಿಂತ ನನ್ನನ್ನು ಕಾಡುವುದು ಕಣ್ಣಿನ ವಿಷಯ. ಹುಡುಗ ಕನ್ನಡಕ ಹಾಕಿಕೊಂಡು, ಅಮ್ಮನಿಗೆ "ನೀವು ಕಣ್ಣು ಮುಚ್ಚಿಕೊಳ್ಳಿ ಅಮ್ಮ" ಎನ್ನುತ್ತಿದ್ದ. ಚಿಕಿತ್ಸೆಗೆ ಬಳಸುವ 808 ಅಥವಾ 904 ನ್ಯಾನೋಮೀಟರ್ ತರಂಗಾಂತರದ ಕಿರಣ ಬಹುಮಟ್ಟಿಗೆ ಕಣ್ಣಿಗೆ ಕಾಣಿಸುವುದೇ ಇಲ್ಲ. ಜೊತೆಯಲ್ಲಿ ಕೆಂಪು ಚುಕ್ಕಿ ಕಂಡರೆ ಅದು ಗುರಿ ತೋರಿಸಲು ಇರುವುದು. ಕಾಣದ ಬೆಳಕಿಗೆ ರೆಪ್ಪೆ ತಾನಾಗಿ ಮುಚ್ಚಿಕೊಳ್ಳದ ಕಾರಣ, ಕಿರಣ ನೇರವಾಗಿ ಒಳಹೊಕ್ಕರೆ ಅಕ್ಷಿಪಟಲ ಸುಟ್ಟು ದೃಷ್ಟಿಗೆ ಶಾಶ್ವತ ಹಾನಿಯಾಗಬಹುದು. ಆ ತರಂಗಾಂತರಕ್ಕೆಂದೇ ಮಾಡಿದ ಕನ್ನಡಕವನ್ನು ಚಿಕಿತ್ಸೆ ಕೊಡುವವರೂ ಪಡೆಯುವವರೂ ಹಾಕಿಕೊಳ್ಳಲೇಬೇಕು. ಗಡ್ಡೆ ಅಥವಾ ಕ್ಯಾನ್ಸರ್ ಇರುವ ಜಾಗಕ್ಕೆ, ಗರ್ಭಿಣಿಯರ ಹೊಟ್ಟೆಯ ಮೇಲೆ ಇದನ್ನು ಹಿಡಿಯಬಾರದು. ಬೆಳಕಿಗೆ ಚರ್ಮ ಸೂಕ್ಷ್ಮವಾಗುವ ಮಾತ್ರೆ ಸೇವಿಸುವವರು ಮೊದಲೇ ತಿಳಿಸಬೇಕು. ಇವುಗಳಲ್ಲಿ ಒಂದನ್ನೂ ನಮ್ಮಲ್ಲಿ ವಿಚಾರಿಸಲಿಲ್ಲ.

ಪ್ರತಿ ಸಲ ಬಸ್ಸಿನಲ್ಲಿ ಹಿಂದಿರುಗುವಾಗ ಹೇಗಿದೆಯೆಂದು ಕೇಳಿದರೆ ಅಮ್ಮ "ಸ್ವಲ್ಪ ಕಡಿಮೆ ಆದ ಹಾಗೆ ಉಂಟು ಮಗಾ" ಎನ್ನುತ್ತಿದ್ದರು. ನಾನು ಕಟ್ಟಿದ ಹಣ ವ್ಯರ್ಥವಾಯಿತೆಂದು ನನಗೆ ಅನಿಸಬಾರದೆಂದು ಹಾಗೆ ಹೇಳುತ್ತಿದ್ದರೆಂಬುದು, 14ನೆಯ ಸಲದ ನಂತರ ಅವರು ಬಾಗಿ ಕಾಲಿನ ಉಗುರು ತೆಗೆಯಲಾಗದೆ ಜಗಲಿಯಲ್ಲಿ ಕುಳಿತು ಅತ್ತಾಗ ನನಗೆ ತಿಳಿಯಿತು.

ಮರುದಿನ ಉಡುಪಿಯಲ್ಲಿ ಮೂಳೆ ವೈದ್ಯರಿಗೆ ತೋರಿಸಿದೆವು. ಅವರು ಅಮ್ಮನನ್ನು ಮಲಗಿಸಿ, ಮೊಣಗಂಟನ್ನು ಮಡಚಿ ಬಿಡಿಸಿದರು, ನೋವಿರಲಿಲ್ಲ. ತೊಡೆಯನ್ನು ಸೊಂಟದ ಕೀಲಿನಲ್ಲಿ ಒಳಮುಖವಾಗಿ ತಿರುಗಿಸಿದೊಡನೆ ಅಮ್ಮ ಕೂಗಿಕೊಂಡರು. ಎಕ್ಸ್‌ರೇಯಲ್ಲಿ ಬಲ ಸೊಂಟದ ಕೀಲು ಸವೆದು, ಎಲುಬುಗಳ ನಡುವಿನ ಅಂತರ ಬಹುತೇಕ ಮುಚ್ಚಿಹೋಗಿತ್ತು. ಸೊಂಟದ ಕೀಲಿಗೂ ಮೊಣಗಂಟಿಗೂ ಹೋಗುವ ನರಗಳು ಕೆಲವು ಒಂದೇ ಆಗಿರುವುದರಿಂದ ಮೇಲಿನ ನೋವು ಕೆಳಗೆ ಕಾಣಿಸಿಕೊಳ್ಳುತ್ತದೆಯಂತೆ. ಹಣ ಹೋದದ್ದಕ್ಕಿಂತ ಹೆಚ್ಚಾಗಿ ನನ್ನನ್ನು ನೋಯಿಸುವುದು, ನಾಲ್ಕು ತಿಂಗಳ ಕಾಲ ಸವೆಯುತ್ತಲೇ ಇದ್ದ ಕೀಲನ್ನು ಬಿಟ್ಟು ಆರೋಗ್ಯವಾಗಿದ್ದ ಗಂಟಿಗೆ ಬೆಳಕು ಹಿಡಿಸಿದೆವು ಎಂಬುದು.

ಆದ್ದರಿಂದ ನಿಮ್ಮ ಮನೆಯ ಹಿರಿಯರನ್ನು ಇಂತಹ ಕೇಂದ್ರಕ್ಕೆ ಕರೆದೊಯ್ಯುವ ಮುನ್ನ ರೋಗ ಯಾವುದೆಂದು ವೈದ್ಯರಿಂದ ಖಚಿತಪಡಿಸಿಕೊಳ್ಳಿ. ಕೇಂದ್ರವು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಯಾಗಿದೆಯೇ, ಯಂತ್ರದ ತರಂಗಾಂತರ ಮತ್ತು ಶಕ್ತಿ ಎಷ್ಟು ಎಂದು ಕೇಳಿ. ಒಂದೆರಡು ಸಲದ ಹಣವನ್ನು ಮಾತ್ರ ಕಟ್ಟಿ, ಮುದ್ರಿತ ಬಿಲ್ ಪಡೆದುಕೊಳ್ಳಿ. ಉಳಿದ 6 ಸಲದ 3,600 ರೂಪಾಯಿ ಹಿಂದಿರುಗಿಸುವಂತೆ ನಾನು ಬರೆದ ಪತ್ರಕ್ಕೆ ಆ ಕೇಂದ್ರದಿಂದ ಇನ್ನೂ ಉತ್ತರ ಬಂದಿಲ್ಲ. ಗ್ರಾಹಕ ಆಯೋಗಕ್ಕೆ ದೂರು ಕೊಡಲು ಆ ಕೈಬರಹದ ಚೀಟಿಯನ್ನು ಜೋಪಾನವಾಗಿ ಇಟ್ಟಿದ್ದೇನೆ. ಅಮ್ಮ ಈಗ ವೈದ್ಯರು ಹೇಳಿಕೊಟ್ಟಂತೆ ಎಡಗೈಯಲ್ಲಿ ಊರುಗೋಲು ಹಿಡಿದು ಅಂಗಳದವರೆಗೆ ನಡೆಯುತ್ತಾರೆ. ಕೀಲು ಬದಲಿ ಶಸ್ತ್ರಚಿಕಿತ್ಸೆಗೆ ದಿನ ನಿಗದಿಯಾಗಿದೆ.