ಕುಡಿತ ಬಿಟ್ಟವರ ಸಭೆ: ಬಳ್ಳಾರಿಯಲ್ಲಿ ಯಾವುದು ಯಾರಿಗೆ?

ಕುಡಿತ ಬಿಡೋದು ಒಂದು ಕೆಲಸ. ಬಿಟ್ಟ ಮೇಲೆ ಸಂಜೆ ಏಳು ಗಂಟೆಗೆ ಏನು ಮಾಡಬೇಕು ಅನ್ನೋದು ಇನ್ನೊಂದು ಕೆಲಸ. ನಾನು ಬಳ್ಳಾರಿಯ ಜೀನ್ಸ್ ಘಟಕವೊಂದರಲ್ಲಿ ಕಟಿಂಗ್ ಮಾಸ್ಟರ್. ಶನಿವಾರ ಬಟವಾಡೆ. ಕೈಗೆ ದುಡ್ಡು ಬಂದ ಆ ಹೊತ್ತೇ ನನಗೆ ಗಂಡಾಂತರದ ಹೊತ್ತು. ಹಾಗಾಗಿ ಯಾವ ಸಭೆಗೆ ಹೋದರೂ ನೋಡಿದ್ದು ಎರಡೇ ವಿಷಯ. ಆ ಹೊತ್ತಿಗೆ ಅಲ್ಲಿ ಬಾಗಿಲು ತೆರೆದಿರುತ್ತಾ? ಅಲ್ಲಿ ಬಾಯಿಬಿಟ್ಟು ಮಾತಾಡೋಕಾಗುತ್ತಾ?

ಸಭೆಗಿಂತ ಮೊದಲು ಡಾಕ್ಟರು. ದಿನಾ ಜಾಸ್ತಿ ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಆಮೇಲೆ ಇಲ್ಲದ್ದು ಕಾಣಿಸಿ, ಕೇಳಿಸಿ ಜೀವಕ್ಕೇ ಕುತ್ತು ಬರಬಹುದು. ಅದಕ್ಕೆ ಮಾತ್ರೆ, ಬಿ1 ವಿಟಮಿನ್, ನಿಗಾ ಬೇಕು, ಭಾಷಣ ಅಲ್ಲ. ಇದಕ್ಕಾಗಿ ದೂರ ಹೋಗಬೇಕಾಗಿಲ್ಲ. ಜಿಲ್ಲೆಯಲ್ಲೇ ಇಂಥ ಚಿಕಿತ್ಸೆ ಕೊಡುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ಈಗ ದೇಶದ ತುಂಬಾ ಇದೆಯಲ್ಲ, 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಅದನ್ನು ಮೊದಲು ಪ್ರಯೋಗ ಮಾಡಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ. 1996ರಲ್ಲಿ ಅದು ರಾಷ್ಟ್ರೀಯ ಯೋಜನೆ ಆಯಿತು. ನಮ್ಮ ಊರಿನವರಿಗೇ ಇದು ಗೊತ್ತಿಲ್ಲ, ಅದು ಬೇರೆ ಮಾತು.

ನಾನು ಮೊದಲು ಕೂತಿದ್ದು ಒಂದು ಖಾಸಗಿ ವ್ಯಸನಮುಕ್ತಿ ಕೇಂದ್ರದ ಗುಂಪಿನಲ್ಲಿ. ಬೆಳಗ್ಗೆ ಹನ್ನೊಂದೂವರೆಗೆ! ದುಡಿಯುವವನು ಆ ಹೊತ್ತಿಗೆ ಎಲ್ಲಿಂದ ಬರಬೇಕು? ಗೋಡೆ ಮೇಲೆ ಕೆಟ್ಟುಹೋದ ಲಿವರ್ ಚಿತ್ರ ತೋರಿಸಿದರು. ಒಬ್ಬೊಬ್ಬರನ್ನೇ ನಿಲ್ಲಿಸಿ ಯಾಕೆ ಕುಡಿದೆ ಅಂತ ಕೇಳಿದರು. ಪಕ್ಕದಲ್ಲಿದ್ದ ಹುಡುಗ ಅಪ್ಪನ ಮುಖ ನೋಡಿ ‘ಸುಮ್ನೆ’ ಅಂದ. ಅಷ್ಟಕ್ಕೇ ಮುಗೀತು. ಅಲ್ಲಿ ಮಾತು ಹುಟ್ಟಲೇ ಇಲ್ಲ. ಆ ಕಡೆ ಮತ್ತೆ ತಲೆ ಹಾಕಿಲ್ಲ.

ಎಎ, ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಬೇರೆ ತರಹ. 1935ರಲ್ಲಿ ಅಮೆರಿಕದಲ್ಲಿ ಒಬ್ಬ ಷೇರು ದಲ್ಲಾಳಿ, ಒಬ್ಬ ಡಾಕ್ಟರು ಸೇರಿ ಶುರು ಮಾಡಿದ್ದು. ಇಬ್ಬರೂ ಕುಡುಕರೇ. ಅಲ್ಲಿ ಫೀಸಿಲ್ಲ, ಅರ್ಜಿ ಇಲ್ಲ, ಕುಡಿತ ಬಿಡುವ ಆಸೆ ಇದ್ದರೆ ಸಾಕು. ನಾನು ಹೋದ ಸಭೆ ನಡೆದಿದ್ದು ಒಂದು ಶಾಲೆಯ ಕೋಣೆಯಲ್ಲಿ. ಮಕ್ಕಳ ಬೆಂಚು, ಮೊಣಕಾಲು ಡೆಸ್ಕಿಗೆ ತಾಗುತ್ತಿತ್ತು. ಒಬ್ಬರು ಕನ್ನಡದಲ್ಲಿ ಶುರು ಮಾಡಿ ಹೆಂಡತಿಯ ವಿಷಯ ಬಂದಾಗ ತೆಲುಗಿಗೆ ಹೊರಳಿದರು. ಬಳ್ಳಾರಿಯಲ್ಲಿ ಅದೇನು ಹೊಸದಲ್ಲ, ಅಲ್ವಾ? ಒಬ್ಬರು ಮಾತಾಡುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕುವ ಹಾಗಿಲ್ಲ. ಬುದ್ಧಿ ಹೇಳುವ ಹಾಗೂ ಇಲ್ಲ. ಮಗಳ ಕಿವಿಯೋಲೆ ಒತ್ತೆ ಇಟ್ಟು ಕುಡಿದ ಕತೆಯನ್ನು ಒಬ್ಬರು ಹೇಳಿ ಮುಗಿಸಿದರು. ಎಲ್ಲರೂ ‘ಥ್ಯಾಂಕ್ಸ್’ ಅಂದರು, ಮುಂದಿನವರ ಸರದಿ ಬಂತು. ಮೊದಲು ನನಗೆ ಇದೇನಪ್ಪಾ ಇಷ್ಟು ತಣ್ಣಗೆ ಅನ್ನಿಸಿತು. ನನ್ನ ಸರದಿ ಬಂದಾಗಲೇ ಆ ತಣ್ಣಗಿರೋದರ ಬೆಲೆ ತಿಳಿದಿದ್ದು. ಯಾರೂ ಅಯ್ಯೋ ಪಾಪ ಅನ್ನಲ್ಲ, ಛೀ ಅಂತಲೂ ಅನ್ನಲ್ಲ. ಚಹಾದ ಖರ್ಚಿಗೆ ಆದಷ್ಟು ಹಾಕಬಹುದು, ಹಾಕದಿದ್ದರೂ ನಡೆಯುತ್ತೆ. ದೇವರ ಮಾತು ಬರುತ್ತೆ, ಆದರೆ ಯಾವ ದೇವರು ಅನ್ನೋದು ನಿಮಗೆ ಬಿಟ್ಟಿದ್ದು.

ನಮ್ಮ ಭಾವನಿಗೆ ಇದು ಹಿಡಿಸಲಿಲ್ಲ. ಅವರು ಸಿರುಗುಪ್ಪ ಕಡೆಯವರು. ಅವರದು ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ನಡೆಸುವ ಮದ್ಯವರ್ಜನ ಶಿಬಿರದ ದಾರಿ. ಶಿಬಿರ ಮುಗಿಸಿದವರು ಊರಲ್ಲಿ ನವಜೀವನ ಸಮಿತಿ ಮಾಡಿಕೊಂಡು ಸೇರುತ್ತಾರೆ. ನಾನೂ ಹೋಗಿ ಕೂತೆ. ಭಜನೆ, ಮಂಜುನಾಥನ ಮೇಲಿನ ಭಯಭಕ್ತಿ, ಮನೆಯವರೂ ಜೊತೆಗೆ. ಎಲ್ಲ ಗುರುತಿನ ಮುಖಗಳೇ. ಭಾವನಿಗೆ ಅದೇ ಬಲ. ಯಾರಾದರೂ ಸಭೆ ತಪ್ಪಿಸಿದರೆ ಮರುದಿನ ಅವರ ಹೊಲಕ್ಕೇ ಹೋಗಿ ಕೇಳುತ್ತಾರಂತೆ. ನನ್ನಂಥವನಿಗೆ ಗುರುತಿನವರ ಎದುರು ನಾಲಿಗೆ ಹೊರಳಲ್ಲ. ನನ್ನ ಹೆಂಡತಿಗೆ ಮಾತ್ರ ಇದು ತುಂಬಾ ಇಷ್ಟವಾಯಿತು. ಎಎಯಲ್ಲಿ ಅವಳಿಗೆ ಜಾಗ ಕಡಿಮೆ, ಇಲ್ಲಿ ಅವಳೂ ಮಾತಾಡಬಹುದು. ಎಎಗೂ ಮನೆಯವರಿಗೆಂದು ಅಲ್-ಅನಾನ್ ಅಂತ ಬೇರೆ ಕೂಟ ಇದೆ, 1951ರಿಂದ. ಎಎ ಸಿಕ್ಕ ಕಡೆಯೆಲ್ಲ ಅದು ಸಿಗುತ್ತೆ ಅಂತಿಲ್ಲ.

ಮೊಬೈಲ್‌ನಲ್ಲಿ ಕೂರುವ ಜೂಮ್ ಸಭೆಯನ್ನೂ ನೋಡಿದೆ. ರಾತ್ರಿ ತಡವಾಗಿ ನಡೆಯುತ್ತೆ, ಕ್ಯಾಮೆರಾ ಮುಚ್ಚಬಹುದು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಶಿಫ್ಟ್ ಮಾಡುವವರಿಗೆ, ಮನೆ ಬಿಟ್ಟು ಹೊರಡೋಕಾಗದ ಹೆಂಗಸರಿಗೆ ಇದು ಒಳ್ಳೆಯದು. ಆದರೆ ಕ್ಯಾಮೆರಾ ಮುಚ್ಚಿದವನು ಕುಡಿಯುತ್ತಲೂ ಕೂರಬಹುದು. ಸಭೆ ಮುಗಿದ ಮೇಲೆ ಒಬ್ಬರ ಜೊತೆ ಬಸ್ ಸ್ಟ್ಯಾಂಡ್‌ವರೆಗೆ ನಡೆದು ಹೋಗುವ ಆ ಹತ್ತು ನಿಮಿಷ ಇದರಲ್ಲಿ ಸಿಗಲ್ಲ. ನನಗೆ ಅರ್ಧ ಲಾಭ ಆ ನಡಿಗೆಯದೇ. ದಾರಿಯಲ್ಲಿ ವೈನ್ ಶಾಪ್ ಇದೆ.

ಈಗ ಶನಿವಾರ ಸಂಜೆ ನನ್ನದು ಎಎ. ದುಡ್ಡನ್ನು ಹೆಂಡತಿ ಘಟಕದ ಗೇಟಿಗೇ ಬಂದು ಇಸ್ಕೊಂಡು ಹೋಗ್ತಾಳೆ. ಕೆಲಸ ಜಾಸ್ತಿ ಇರುವ ವಾರ ಜೂಮ್. ಭಾವನ ಊರಿಗೆ ಹೋದಾಗ ಸಮಿತಿಯಲ್ಲಿ ಅವಳು ಮುಂದೆ, ನಾನು ಹಿಂದೆ ಕೂರ್ತೀವಿ.

ಹೊಸದಾಗಿ ಹೋಗುವವರು ಎಎಗೆ ಮೊದಲೇ ಫೋನ್ ಮಾಡಿ ತೆರೆದ ಸಭೆಯೋ ಮುಚ್ಚಿದ ಸಭೆಯೋ ಕೇಳಿಕೊಳ್ಳಿ. ಮುಚ್ಚಿದ ಸಭೆ ಕುಡಿತದ ಸಮಸ್ಯೆ ಇರುವವರಿಗೆ ಮಾತ್ರ. ಜೊತೆಗೆ ಬಂದವರು ಹೊರಗೆ ಕಾಯಬೇಕು. ಯಾರನ್ನು ಕೇಳಬೇಕು ಅಂತ ಗೊತ್ತಿಲ್ಲದಿದ್ದರೆ 14446ಕ್ಕೆ ಕರೆ ಮಾಡಿ. ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ, ದುಡ್ಡು ಬೀಳಲ್ಲ.